ಅಮ್ಮನಿಗೆ ಎಣ್ಣೆನೀರು ಹಾಕಿದ ಬೇಸಿಗೆ

ಹೋದ ತಿಂಗಳು ಮಧುಗಿರಿಯ ಕಾಲೇಜಿನವರು ನನ್ನನ್ನು ಕರೆದಿದ್ದರು. ನನಗೋ ಎಂಬತ್ತು ದಾಟಿ ಎಷ್ಟೋ ಕಾಲವಾಯಿತು, ಮಂಡಿ ನೋವು ಬೇರೆ, ಬರಲ್ಲಪ್ಪ ಅಂದೆ. "ಕಾರು ಕಳಿಸ್ತೀವಿ ಮೇಡಂ, ಮೆಟ್ಟಿಲು ಹತ್ತೋ ಹಾಗೇ ಇಲ್ಲ, ಕೆಳಗಿನ ಹಾಲ್‌ನಲ್ಲೇ" ಅಂತ ಬಲವಂತ ಮಾಡಿದರು. ಹೋದೆ. ಶಾಸನದ ಕಲ್ಲಿನ ಮೇಲೆ ಒದ್ದೆ ಕಾಗದ ಹಚ್ಚಿ ಅಚ್ಚು ತೆಗೆಯೋದು ಹೇಗೆ ಅಂತ ಚರಿತ್ರೆ ಓದುವ ಹುಡುಗಿಯರಿಗೆ ಅವತ್ತು ಹೇಳಿಕೊಡುತ್ತಿದ್ದರು. ನಾನು ಮುಖ್ಯ ಅತಿಥಿಯಂತೆ. ಅಂದರೆ ಸುಮ್ಮನೆ ಕೂತಿದ್ದು, ಕೊನೆಗೆ ಶಾಲು ಹೊದಿಸಿಕೊಂಡು, ಹಣ್ಣಿನ ಬುಟ್ಟಿ ಹೊತ್ತು ಮನೆಗೆ ಬರೋದು.

ಒಬ್ಬ ಹುಡುಗಿ ಮಸಿ ಡಬ್ಬಿಯ ಮುಚ್ಚಳ ತೆಗೆದಳು ನೋಡಿ, ದೀಪದ ಮಸಿ, ಗೋಂದು, ಒದ್ದೆ ಕಾಗದ ಎಲ್ಲದರ ವಾಸನೆ ಒಟ್ಟಿಗೆ ಮೂಗಿಗೆ ಬಡಿಯಿತು. ನಾನು ಕೂತಿದ್ದ ಕುರ್ಚಿ, ಎದುರಿನ ಬ್ಯಾನರು, ಭಾಷಣ ಮಾಡುತ್ತಿದ್ದ ಪ್ರಿನ್ಸಿಪಾಲರು ಯಾವುದೂ ಇಲ್ಲದ ಹಾಗಾಯಿತು. ಆದರೆ ಆ ವಾಸನೆಯಲ್ಲಿ ಏನೋ ಒಂದು ಕಡಿಮೆ. ಸೀಗೆಕಾಯಿ! "ಸೀಗೆಕಾಯಿ ಎಲ್ರೇ?" ಅಂತ ಬಾಯಿಬಿಟ್ಟು ಕೇಳಿಯೂಬಿಟ್ಟೆ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಪಾಪ, ಮುದುಕಿಗೆ ಅರಳುಮರುಳು ಅಂದುಕೊಂಡಿರಬೇಕು.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ನಮ್ಮದಿನ್ನೂ ಮೈಸೂರು ರಾಜ್ಯ. ನಾನು ಬಿ.ಎ. ಮುಗಿಸಿ ಮಧುಗಿರಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಚರಿತ್ರೆ ಪಾಠ ಹೇಳಲು ಬಂದಿದ್ದೆ. ಮದುವೆಯಾಗಿರಲಿಲ್ಲ. ಬೆಟ್ಟದ ಕೆಳಗಿನ ಓಣಿಯಲ್ಲಿ ಒಂದು ಕೋಣೆ. ಬೇಸಿಗೆ ಬಂತೆಂದರೆ ಆ ಏಕಶಿಲೆಯ ಬೆಟ್ಟ ಹಗಲೆಲ್ಲ ಕಾದು ಕಾದು, ದೀಪ ಹಚ್ಚುವ ಹೊತ್ತಿಗೆ ನಮ್ಮ ಓಣಿಯ ಮೇಲೆ ಧಗೆ ಉಗುಳುತ್ತಿತ್ತು. ಹೆಂಗಸರೆಲ್ಲ ಜಗುಲಿಗೆ ನೀರು ಚೆಲ್ಲಿ, ಬೀಸಣಿಗೆ ಹಿಡಿದು ಹೊರಗೇ ಕೂರುತ್ತಿದ್ದರು.

ಅದೇ ಸ್ಕೂಲಿನ ಹಿರಿಯ ಚರಿತ್ರೆ ಟೀಚರು ರುಕ್ಮಿಣಮ್ಮ. ಮದುವೆ ಅಂದರೇನು ಅಂತ ಗೊತ್ತಾಗುವ ಮೊದಲೇ ಗಂಡ ತೀರಿಕೊಂಡಿದ್ದ. ಅವರಪ್ಪ ಪುಣ್ಯಾತ್ಮ, ಊರವರ ಮಾತು ಕೇಳದೆ ಮಗಳನ್ನು ಓದಿಸಿದ್ದರು. ಬಿಳಿ ಸೀರೆ, ಬರಿ ಹಣೆ, ಬರಿಗೈ. ಬಾಯಿ ಮಾತ್ರ ಬೊಂಬಾಯಿ. ಕ್ಲಾಸಿನಲ್ಲಿ ಯಾವಳಾದರೂ ತೂಕಡಿಸಿದರೆ "ಏನೇ, ಹೊಯ್ಸಳರ ಕಾಲಕ್ಕೆ ಹೋಗಿ ಬಂದೆಯಾ? ಅಲ್ಲಿ ಎಲ್ಲರೂ ಕ್ಷೇಮವಾ?" ಅನ್ನುತ್ತಿದ್ದರು. ನನ್ನನ್ನು ಮೊದಲ ದಿನವೇ "ಕಮಲೂ" ಅಂತ ಕರೆದರು. ಅವರು ಕರೆದ ಮೇಲೆ ಮಧುಗಿರಿಯಲ್ಲಿ ಎಲ್ಲರಿಗೂ ನಾನು ಕಮಲುವೇ.

ಸಂಘ ಕಟ್ಟಿದ್ದು ಅವರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಲ್ಲಿ ಚರಿತ್ರೆ ಪಾಠ ಹೇಳುವ ಹೆಂಗಸರ ಸಂಘ. ಎಲ್ಲಾ ಸೇರಿದರೆ ಒಂದು ಜಮಖಾನದ ಮೇಲೆ ಹಿಡಿಸುತ್ತಿದ್ದೆವು. ರಜಾ ಬಂದರೆ ಹಳ್ಳಿಗಳಿಗೆ ಹೋಗಿ ಕಲ್ಲು ತೊಳೆದು ಅಚ್ಚು ತೆಗೆಯುತ್ತಿದ್ದೆವಲ್ಲ, ಅದಕ್ಕೆ ಊರಲ್ಲಿ ನಮಗೆ "ಕಲ್ಲು ತಿಕ್ಕೋ ಸಂಘ" ಅಂತ ಹೆಸರು. ಬಸ್ಸು ಹತ್ತಿದರೆ ಕಂಡಕ್ಟರೇ "ಕಲ್ಲು ತಿಕ್ಕೋ ಸಂಘದವ್ರು ಎಲ್ಲಾ ಹತ್ತಿದ್ರಾ? ರೈಟ್!" ಅಂತ ಕೂಗುತ್ತಿದ್ದ.

ನಗುವವರು ನಗಲಿ. ಆ ಸಂಘ ಇಲ್ಲದಿದ್ದರೆ ನಮ್ಮಲ್ಲಿ ಒಬ್ಬಳೂ ಹೊಸ್ತಿಲು ದಾಟಿ ಕಲ್ಲು ನೋಡಲು ಹೋಗುತ್ತಿರಲಿಲ್ಲ. ಯಾರೂ ಒಂಟಿಯಾಗಿ ಹಳ್ಳಿಗೆ ಹೋಗಬಾರದು ಅನ್ನೋದು ನಮ್ಮ ಮೊದಲ ನಿಯಮ. ಮನೆಯಲ್ಲಿ ಬೇಡ ಅಂದರೆ ಇನ್ನಿಬ್ಬರು ಹೋಗಿ ಅತ್ತೆಯ ಹತ್ತಿರ ಕೂತು, ಕಾಫಿ ಕುಡಿದು, ಒಪ್ಪಿಸಿ ಕರೆತರಬೇಕು. ಹಾಲು ಕುಡಿಯುವ ಮಗುವಿದ್ದವಳು ಕಲ್ಲಿನ ಹತ್ತಿರ ಕೂತರೆ ಮಗು ಇನ್ನೊಬ್ಬಳ ಸೊಂಟದ ಮೇಲೆ. ಇನ್ನೊಂದು ನಿಯಮವಿತ್ತು, ಅದು ಎಲ್ಲಕ್ಕಿಂತ ದೊಡ್ಡದು. ಕಲ್ಲು ಯಾರು ಕಂಡರೋ ಅವರೇ ಸಭೆಯಲ್ಲಿ ಎದ್ದು ನಿಂತು ತಮ್ಮ ಬಾಯಲ್ಲೇ ಅದರ ವಿಷಯ ಓದಬೇಕು. ಉಳಿದವರೆಲ್ಲ ಮೊದಲ ಸಾಲಿನಲ್ಲಿ ಕೂರಬೇಕು.

ಈ ನಿಯಮಕ್ಕೆ ಒಂದು ಕಥೆಯಿತ್ತು. ಹಿಂದೊಂದು ಸಲ ತೋವಿನಕೆರೆ ದಾರಿಯ ಹೊಲದಲ್ಲಿ ರುಕ್ಮಿಣಮ್ಮ ಒಂದು ವೀರಗಲ್ಲು ಕಂಡು, ತುಮಕೂರಿನ ದೊಡ್ಡವರೊಬ್ಬರಿಗೆ ತೋರಿಸಿದ್ದರಂತೆ. ಆ ಮಹಾಶಯರು ಅದನ್ನು ತಾವೇ ಕಂಡ ಹಾಗೆ ಚರಿತ್ರೆಯವರ ಸಭೆಯಲ್ಲಿ ಓದಿದರು. ಇವರು ಹಿಂದಿನ ಸಾಲಿನಲ್ಲಿ ಕೂತು ಕೇಳಿದರು. "ಕೊನೇಲಿ ನಾನೂ ಚಪ್ಪಾಳೆ ತಟ್ಟಿದೆ ಕಣೇ ಕಮಲೂ. ಕೈಗೆ ಅಭ್ಯಾಸ ನೋಡು" ಅಂತ ನಗುತ್ತಲೇ ಹೇಳಿದ್ದರು. ನನಗೆ ಮಾತ್ರ ನಗು ಬರಲಿಲ್ಲ.

ಆ ಬೇಸಿಗೆಗೆ ರುಕ್ಮಿಣಮ್ಮನಿಗೆ ರಿಟೈರ್‌ಮೆಂಟು. ಆಮೇಲೆ ನಂಜನಗೂಡಿನ ತಮ್ಮನ ಮನೆಗೆ ಹೋಗಿ ಇರಬೇಕು. ತಮ್ಮ ಒಳ್ಳೆಯವನೇ, ಆದರೆ ಅಕ್ಕ ಮನೆಯಲ್ಲಿ ಜಪಸರ ಹಿಡಿದು ಕೂತಿದ್ದರೆ ಚೆನ್ನ ಅನ್ನುವವನು. ತುಮಕೂರಿನ ಸಭೆ ಮಳೆ ಶುರುವಾದ ಮೇಲೆ ಇತ್ತು. ಅಲ್ಲಿ ಒಂದು ಸಲವಾದರೂ ತಾವು ಕಂಡ ಕಲ್ಲಿನ ಬಗ್ಗೆ ತಮ್ಮ ಬಾಯಲ್ಲಿ ಓದಿ ಹೋಗಬೇಕು ಅನ್ನೋದು ಅವರ ಜೀವದ ಆಸೆ. ಅವರ ಮನಸ್ಸಿನಲ್ಲಿ ಒಂದೇ ಕಲ್ಲು ಇತ್ತು. ಪಾವಗಡದ ಆಚೆ, ನಿಡುಗಲ್ ಬೆಟ್ಟದ ಮಗ್ಗುಲಿನ ಹಳ್ಳಿಯೊಂದರ ಕೆರೆ ಏರಿಯ ಮೇಲಿನ ಮಾಸ್ತಿಯಮ್ಮ.

ಗಂಡನ ಚಿತೆಗೆ ಬಿದ್ದವಳನ್ನು ನಮ್ಮ ಕಡೆ ಮಾಸ್ತಿ ಅಂತ ಪೂಜಿಸುತ್ತಾರೆ. ಆ ಕಲ್ಲಿನ ಕೆಳಗಡೆ ಅಕ್ಷರಗಳಿವೆ ಅಂತ ರುಕ್ಮಿಣಮ್ಮನಿಗೆ ಚಿಕ್ಕ ವಯಸ್ಸಿನಲ್ಲೇ ಗೊತ್ತಾಗಿತ್ತು. ಆದರೆ ಎಷ್ಟೋ ತಲೆಮಾರಿನ ಎಣ್ಣೆ, ಕುಂಕುಮ, ದೀಪದ ಹೊಗೆ ಅದರ ಮೇಲೆ ತೊಗಟೆ ಕಟ್ಟಿತ್ತು. ಅದನ್ನು ತೆಗೆಯಲು ಯಾರಿಗೂ ಬಿಡುತ್ತಿರಲಿಲ್ಲ. ಗಂಡಸರು ಮುಟ್ಟುವ ಹಾಗೇ ಇಲ್ಲ. ಮುಂಗಾರು ಬೀಳುವ ಮೊದಲು ಒಂದು ಮಂಗಳವಾರ ಊರ ಹೆಂಗಸರು ಅಮ್ಮನಿಗೆ ಎಣ್ಣೆನೀರು ಹಾಕುತ್ತಾರೆ. ಎಣ್ಣೆ ಹಚ್ಚಿ, ಬಿಸಿನೀರು ಹುಯ್ದು, ಸೀಗೆಕಾಯಿ ತಿಕ್ಕಿ, ಹೊಸ ಸೀರೆ ಉಡಿಸುತ್ತಾರೆ. ಆ ಹೊತ್ತಿನಲ್ಲಿ ಮಾತ್ರ ಕಲ್ಲು ಬರಿ ಮೈಯಲ್ಲಿರುತ್ತದೆ. ಗಂಡಸರೆಲ್ಲ ಕೆರೆಯ ಆಚೆ ದಡಕ್ಕೆ ಹೋಗಿ ಬೆನ್ನು ತಿರುಗಿಸಿ ಕೂರಬೇಕು. ಅದಕ್ಕೇ ಮೈಸೂರಿನಿಂದ ಬಂದ ಪಂಡಿತರಿಗೂ ಆ ಕಲ್ಲು ದಕ್ಕಿರಲಿಲ್ಲ.

"ಹೆಂಗಸರಿಗೇ ಅಂತ ಇಟ್ಟಿದ್ದಾಳೆ ಕಣೇ ಆ ತಾಯಿ. ನಮಗೇ ಕಾದಿದ್ದಾಳೆ" ಅಂತ ಬಸ್ಸಿನುದ್ದಕ್ಕೂ ರುಕ್ಮಿಣಮ್ಮ ಹೇಳಿದರು. ನಮ್ಮ ಜೊತೆ ಖೈರುನ್ನೀಸಾ ಇದ್ದರು. ಶಿರಾದ ಉರ್ದು ಸ್ಕೂಲಿನ ಟೀಚರು, ನನಗಿಂತ ಹತ್ತು ವರ್ಷ ದೊಡ್ಡವರು. ಗಂಡನಿಗೆ ಬಟ್ಟೆ ಅಂಗಡಿ. ಗೋರಿಗಳ ಮೇಲಿನ ಫಾರ್ಸಿ ಬರಹ ಓದುವುದರಲ್ಲಿ ಅವರನ್ನು ಬಿಟ್ಟರಿಲ್ಲ. ರುಕ್ಮಿಣಮ್ಮನನ್ನು ಅಕ್ಕ ಅನ್ನುವ ಹಾಗೆ "ಆಪಾ" ಅನ್ನುತ್ತಿದ್ದರು, ಅವರ ಹತ್ತಿರ ತಮಾಷೆ ಮಾಡುವ ಧೈರ್ಯ ಇದ್ದವರೂ ಅವರೊಬ್ಬರೇ. "ಆಪಾ, ಅಮ್ಮ ನಿಮಗೆ ಕಾದಿದ್ದಾಳೋ ಇಲ್ಲವೋ, ಈ ಬಸ್ಸಿನ ಟೈರು ಮಾತ್ರ ಪಂಚರ್ ಆಗೋದಕ್ಕೆ ಕಾದಿದೆ" ಅಂದರು. ಪಾವಗಡ ಇನ್ನೂ ದೂರ ಇರುವಾಗಲೇ ಪಂಚರ್ ಆಯಿತು, ಅವರ ಬಾಯಿಗಿಷ್ಟು ಸಕ್ಕರೆ ಹಾಕ!

ಕೆರೆಯಲ್ಲಿ ಹನಿ ನೀರಿರಲಿಲ್ಲ. ಏರಿಯ ಮೇಲೆ ಒಂದು ಬೇವಿನ ಮರ, ಅದರ ಸುತ್ತ ಕತ್ತಾಳೆ ಬೇಲಿ, ಬೇಲಿಯೊಳಗೆ ಅಮ್ಮ. ಒಲೆ ಹೂಡಿ ದೊಡ್ಡ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಸೀಗೆಕಾಯಿ ಘಾಟಿಗೆ ನನಗೆ ದೂರದಿಂದಲೇ ಸೀನು ಬಂತು. ಎಣ್ಣೆನೀರು ಹಾಕುವ ಹೆಂಗಸರಿಗೆ ಮುಂದಾಳು ಓಬಕ್ಕ, ನಡುವಯಸ್ಸಿನ ಗಟ್ಟಿ ಹೆಂಗಸು. ಅವಳ ಅತ್ತೆ ಹನುಮಕ್ಕ ಹಣ್ಣು ಮುದುಕಿ, ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತಿದ್ದಳು. ನಾವು ಬರುವ ವಿಷಯ ಊರಿನ ಮೇಷ್ಟರ ಮೂಲಕ ಮೊದಲೇ ಹೇಳಿಸಿದ್ದೆವು. ಅಚ್ಚು ತೆಗೆಯಲು ಒಪ್ಪಿದ್ದರು, ಆದರೆ ಬಾಗಿಲಲ್ಲೇ ಓಬಕ್ಕ ನಮ್ಮನ್ನು ನಿಲ್ಲಿಸಿದಳು.

"ನಿಂಗೆ ಮದ್ವೆ ಆಗೈತಾ?" ಅಂತ ನನ್ನನ್ನು ಕೇಳಿದಳು.

"ಇಲ್ಲ."

"ಕನ್ನೆ. ಬಾ ಒಳಕ್ಕೆ." ಆಮೇಲೆ ಖೈರುನ್ನೀಸಾ ಕಡೆ ತಿರುಗಿ, "ನಿನ್ ಗಂಡ ಅವ್ನಾ ತಲ್ಲೀ?"

"ಇದ್ದಾರೆ, ದೇವರ ದಯೆ."

ಹಿಂದೆ ಯಾವಳೋ "ಸಾಬ್ರೋರಲ್ವೇನೇ?" ಅಂದಳು. ಕೂತಲ್ಲಿಂದಲೇ ಹನುಮಕ್ಕ ಗದರಿದಳು. "ಸಾಬ್ರಾದ್ರೆ ಏನಾತು? ಮೊಹರಂ ಬಾಬಯ್ಯನ ಹಬ್ಬದಾಗೆ ನೀನು ಸಕ್ಕರೆ ಓದಿಸ್ಕಂಬರಾಕಿಲ್ವಾ? ಕೈತುಂಬಾ ಬಳೆ ಹಾಕ್ಯವ್ಳೆ, ಮುತ್ತೈದೆ. ಬುಡು ಒಳಕ್ಕೆ."

ರುಕ್ಮಿಣಮ್ಮನನ್ನು ಓಬಕ್ಕ ಏನೂ ಕೇಳಲಿಲ್ಲ. ಬಿಳಿ ಸೀರೆ ನೋಡಿ ತಲೆ ತಗ್ಗಿಸಿದಳು. "ನೀವು ಇಲ್ಲೇ ಕುಂತ್ಕಳಿ ಅಮ್ಮ. ಬ್ಯಾಸರ ಮಾಡ್ಕಬ್ಯಾಡಿ. ನಮ್ಮತ್ತೆನೂ ಇಲ್ಲೇ ಕುಂತವ್ರೆ" ಅಂದಳು. ಗಂಡ ಸಾಯುವ ತನಕ ಹನುಮಕ್ಕನೇ ಅಮ್ಮನಿಗೆ ನೀರು ಹುಯ್ಯುತ್ತಿದ್ದವಳಂತೆ. ಅವನು ಹೋದ ಮೇಲೆ ಬೇಲಿಯಿಂದ ಹೊರಗೆ.

ನನಗೆ ಸಿಟ್ಟು ನೆತ್ತಿಗೇರಿತು. ಆ ಕಲ್ಲಿಗೋಸ್ಕರ ಅರ್ಧ ಆಯಸ್ಸು ಕಾದವರನ್ನು ಹೊರಗೆ ಕೂರಿಸಿ ನಾನು ಒಳಗೆ ಹೋಗೋದಾ? "ನಡೀರಿ ಆಪಾ, ನಮಗೂ ಬೇಡ" ಅಂತ ಖೈರುನ್ನೀಸಾ ಚೀಲ ಹೆಗಲಿಗೇರಿಸಿದರು. ರುಕ್ಮಿಣಮ್ಮನ ಮುಖ ಸಣ್ಣಗಾಗಿತ್ತು, ಆದರೂ ಬಾಯಿ ಸೋಲಲಿಲ್ಲ. "ಸುಮ್ನಿರ್ರೇ. ಇಷ್ಟು ದೂರ ಬಂದಿರೋದು ಸಿಟ್ಟು ಮಾಡೋದಕ್ಕಾ? ಹೋಗಿ, ಚೆನ್ನಾಗಿ ತಿಕ್ಕಿ. ನನಗೆ ಕಿವಿ ಇದೆ" ಅಂದು ಸೆರಗು ಹೊದ್ದು ಹನುಮಕ್ಕನ ಪಕ್ಕ ಕೂತರು.

ಒಳಗೆ ನನ್ನ ಕೈಗೆ ತೆಂಗಿನ ನಾರು ಕೊಟ್ಟರು. ಹರಳೆಣ್ಣೆ ಹಚ್ಚಿ ನೆನೆಸಿದ ಮೇಲೆ ಓಬಕ್ಕ ಬಿಸಿನೀರು ಹುಯ್ಯುತ್ತ ಹೋದಳು, ನಾವು ಸೀಗೆಕಾಯಿ ಹಾಕಿ ತಿಕ್ಕುತ್ತ ಹೋದೆವು. ಮಗಳಿಗೆ ತಲೆಗೆ ನೀರು ಹಾಕುವಾಗ ಹೇಳುವ ಹಾಗೆಯೇ "ಕಿವಿ ಹಿಂದೆ ಸರ್ಯಾಗಿ ತಿಕ್ಕೇ ಹುಡ್ಗಿ, ಜಿಡ್ಡು ಬುಡಬ್ಯಾಡ" ಅಂತ ನನ್ನನ್ನು ಬೈಯುತ್ತಿದ್ದಳು. ವರ್ಷಾವರ್ಷ ಅವರು ಮುಖ, ಮೈ ತಿಕ್ಕುತ್ತಿದ್ದರೇ ಹೊರತು ಪಾದದ ಕೆಳಗಿನ ಪಟ್ಟಿಯನ್ನು ಯಾರೂ ಅಷ್ಟು ಒತ್ತಿ ತಿಕ್ಕಿರಲಿಲ್ಲ. ನಾವು ಅಲ್ಲೇ ಮಂಡಿಯೂರಿದೆವು. ಕಪ್ಪು ಜಿಡ್ಡು ಹರಿದು ಹರಿದು ಹೋದ ಮೇಲೆ ಒಂದು ಅಕ್ಷರ ಕಂಡಿತು. ಆಮೇಲೆ ಅದರ ಪಕ್ಕದ್ದು. "ಅಕ್ಷರ ಇದೆ ಮೇಡಂ! ಸಾಲು ಸಾಲಾಗಿದೆ!" ಅಂತ ಬೇಲಿ ಕಡೆ ಕೂಗಿದೆ. "ಕೂಗಾಡಬೇಡ, ಕಾಗದ ಹಚ್ಚು" ಅಂತ ಆಚೆಯಿಂದ ಬಂತು.

ಅಲ್ಲೇ ನಾವು ಎಡವಿದ್ದು. ಕಾಗದ ಒದ್ದೆ ಮಾಡಿ ಕಲ್ಲಿಗೆ ಹಚ್ಚಿ, ಬ್ರಷ್ಷಿನಿಂದ ಅಕ್ಷರದ ಗುಳಿಗೆ ಇಳಿಯುವ ಹಾಗೆ ಬಡಿದೆ. ಅಮ್ಮನ ಸೊಂಟದಿಂದ ಪಾದದ ಕೆಳಗಿನ ಪಟ್ಟಿಯವರೆಗೆ ಬೆಳ್ಳಗಿನ ಹಾಳೆ ಅಂಟಿಕೊಂಡಿತು. ಇನ್ನೇನು ಮಸಿ ಹಚ್ಚಬೇಕು, ಅಷ್ಟರಲ್ಲಿ ಓಬಕ್ಕ ಚೀರಿದಳು.

"ಅಯ್ಯೋ ನಿಮ್ ಮನೆ ಕಾಯ್ವಾಗ! ಮುತ್ತೈದೆ ತಾಯಿಗೆ ಬಿಳೀ ಸೀರೆ ಉಡಿಸ್ಬುಟ್ರಲ್ಲೇ!"

ಹೆಂಗಸರೆಲ್ಲ ಎದೆ ಎದೆ ಬಡಿದುಕೊಂಡರು. ಓಬಕ್ಕ ನುಗ್ಗಿ ಬಂದು ಕಾಗದ ಹರಿದು ಎಸೆದಳು. ನಾವು ಎಷ್ಟೋ ಊರುಗಳಲ್ಲಿ ಎಷ್ಟೋ ಕಲ್ಲಿಗೆ ಬಿಳಿ ಕಾಗದ ಹಚ್ಚಿದವರು. ಅದು ಸೀರೆಯ ಹಾಗೆ ಕಾಣುತ್ತದೆ ಅಂತ ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ದಿನಾ ಬಿಳಿ ಸೀರೆ ಉಡುವ ಹೆಂಗಸಿನ ಶಿಷ್ಯಳಾಗಿ ನನಗಾದರೂ ಹೊಳೆಯಬಾರದಿತ್ತೇ? ಚೀಲದಲ್ಲಿ ಇನ್ನೊಂದೇ ಹಾಳೆ ಉಳಿದಿತ್ತು. ಅದನ್ನು ಹಚ್ಚಲು ಇವರು ಬಿಡುವುದಿಲ್ಲ ಅಂತ ಖಚಿತವಾಯಿತು. ಬೇಲಿಯಾಚೆ ರುಕ್ಮಿಣಮ್ಮ "ಏನಾಯ್ತೇ? ಏನಾಯ್ತು ಹೇಳ್ರೇ" ಅನ್ನುತ್ತಲೇ ಇದ್ದರು. ನನಗೆ ಅಳು ಬಂತು.

ಖೈರುನ್ನೀಸಾ ಮಾತ್ರ ಸುತ್ತ ನೋಡಿದರು. ಅಮ್ಮನ ಕೊನೇ ನೀರಿಗೆ ಅಂತ ಅರಿಶಿನ ಕದಡಿದ ಕೊಡ ಒಂದಿತ್ತು. ಉಳಿದ ಹಾಳೆಯನ್ನು ಎತ್ತಿ, ಆ ಅರಿಶಿನದ ನೀರಿನಲ್ಲಿ ಮೆಲ್ಲಗೆ ಅದ್ದಿ ತೆಗೆದು, ಎರಡೂ ಕೈಯಲ್ಲಿ ಓಬಕ್ಕನ ಮುಂದೆ ಹಿಡಿದರು. "ಈಗ ನೋಡಿ ಅಕ್ಕಾ. ಹೊಸ ಮದುವಣಗಿತ್ತಿ ಸೀರೆ. ಈಗ ಉಡಿಸಬಹುದಾ?" ಅಂದರು.

ಓಬಕ್ಕ ಹಾಳೆಯನ್ನೂ ನೋಡಿದಳು, ಅರಿಶಿನ ಸುರಿಯುತ್ತಿದ್ದ ಆ ಬಳೆಗೈಯನ್ನೂ ನೋಡಿದಳು. "ಒಳ್ಳೇ ಕಿಲಾಡಿ ಕಣಮ್ಮ ನೀನು" ಅಂತ ನಕ್ಕೇಬಿಟ್ಟಳು. "ಉಡ್ಸು, ಬಿರ್ರನೆ ಉಡ್ಸು. ಹೊತ್ತು ನೆತ್ತಿಗೆ ಬಂತು, ಗಂಡಸ್ರು ಎಷ್ಟೊತ್ತು ಬೆನ್ ತೋರ್ಸ್ಕಂಡು ಕುಂತಾರು!"

ಹಾಳೆ ಅರೆಒಣಗಿದ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ತಟ್ಟುತ್ತ ಹೋದೆವು. ಸುತ್ತಲೂ ಕಪ್ಪಾಗಿ, ಅಕ್ಷರಗಳು ಮಾತ್ರ ಅರಿಶಿನದ ಬಣ್ಣದಲ್ಲಿ ಎದ್ದು ನಿಂತವು. ಅಷ್ಟು ಚೆಂದದ ಅಚ್ಚನ್ನು ನಾನು ಆಮೇಲೆ ಜನ್ಮದಲ್ಲಿ ನೋಡಲಿಲ್ಲ. ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಿದೆ. ಬೇಲಿಯಾಚೆ ರುಕ್ಮಿಣಮ್ಮ ಅದನ್ನು ಜೋಡಿಸಿ ಜೋಡಿಸಿ ಹೇಳುತ್ತಿದ್ದರು. ಮಾಚವ್ವೆ ಅನ್ನೋ ಹೆಸರು ಬಂತು. ಕೆರೆಯನ್ನು ಕಟ್ಟಿಸಿದ ಮಾತು ಬಂತು. ಆಮೇಲಿನ ಸಾಲು ನಾನು ಓದಿದೆ, ಅವರು ಜೋಡಿಸಲಿಲ್ಲ. "ಕೇಳಿಸ್ತಾ ಮೇಡಂ?" ಅಂದೆ. "ಕೇಳಿಸ್ತು" ಅಂದರು, ಅಷ್ಟೇ.

"ಏನಂತಮ್ಮ ನಮ್ಮವ್ವ?" ಅಂತ ಹನುಮಕ್ಕ ಕೇಳಿದ್ದು ಒಳಗಿದ್ದ ನಮಗೂ ಕೇಳಿತು.

"ಕೆರೆ ಕಟ್ಟಿಸಿದ್ದಳಂತೆ ಅಜ್ಜಿ."

"ಅದು ಗೊತ್ತಿರಾದೇ ಬುಡು. ಅಮ್ಮನ ಕೆರೆ ಅಂತಾನೇ ಕರಿಯಾದು. ಆಮ್ಯಾಕೆ?"

"ಆಮೇಲಿಂದು... ಇನ್ನೊಂದು ಸಲ ಸರಿಯಾಗಿ ನೋಡಬೇಕು."

ಅವತ್ತು ಶಿರಾದಲ್ಲಿ ಖೈರುನ್ನೀಸಾ ಮನೆಗೆ ಹೋಗಿ ಅಚ್ಚನ್ನು ನೆಲದ ಮೇಲೆ ಹರಡಿದೆವು. ರುಕ್ಮಿಣಮ್ಮ ಬಗ್ಗಿ, ಮೂಗು ಕಾಗದಕ್ಕೆ ತಾಗುವ ಹಾಗೆ ಆ ಸಾಲನ್ನು ಮತ್ತೆ ಮತ್ತೆ ಓದಿದರು. ಗಂಡ ಸತ್ತು ಬಹಳ ವರ್ಷವಾದ ಮೇಲೆ ಮಾಚವ್ವೆ ಆ ಕೆರೆ ಕಟ್ಟಿಸಿದ್ದಳು. ತಾನೇ ಮುಂದೆ ನಿಂತು ಏರಿ ಹಾಕಿಸಿದ್ದಳು. ಅವಳು ಚಿತೆಗೆ ಬಿದ್ದವಳೇ ಅಲ್ಲ. ಮಾಸ್ತಿಕಲ್ಲುಗಳಲ್ಲಿ ಎತ್ತಿದ ಕೈಯಲ್ಲಿ ನಿಂಬೆಹಣ್ಣಿರುತ್ತದೆ; ಇವಳ ಕೈಯಲ್ಲಿ ತಿಕ್ಕುವಾಗ ನಾವು ಕಂಡಿದ್ದು ತಾವರೆ ಮೊಗ್ಗು.

"ವಿಧವೆ" ಅಂದರು ರುಕ್ಮಿಣಮ್ಮ. "ನನ್ನ ಹಾಗೆ."

ಅವರು ಖೈರುನ್ನೀಸಾ ಮನೆಯಲ್ಲಿ ಯಾವಾಗಲೂ ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಮಡಿ. ಖೈರುನ್ನೀಸಾ ಕೂಡ ಅದನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲ, ಇವರು ಬರುವ ದಿನ ತಪ್ಪದೆ ಹಣ್ಣು ತರಿಸಿಡುತ್ತಿದ್ದರು. ಅವತ್ತು ರುಕ್ಮಿಣಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಖೈರೂ, ಟೀ ಇದ್ದರೆ ಕೊಡೇ" ಅಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಖೈರುನ್ನೀಸಾ ಒಳಗೆ ಹೋಗಿ, ಇದ್ದುದರಲ್ಲೇ ಒಳ್ಳೆಯ ಕಪ್ಪು ತೊಳೆದು ತಂದರು.

ನನಗೆ ಖುಷಿಯೋ ಖುಷಿ. ಇಂಥಾ ಕಲ್ಲು, ಇಂಥಾ ಓದು! ತುಮಕೂರಿನ ಸಭೆ ದಂಗಾಗುತ್ತದೆ ಅಂದೆ. ಖೈರುನ್ನೀಸಾ ತಲೆ ಅಲ್ಲಾಡಿಸಿದರು. "ನಿಮ್ಮ ಅಮ್ಮಿಯ ವಿಷಯ ನಿಮಗಿಂತ ಮೊದಲು ತುಮಕೂರಿನ ಗಂಡಸರಿಗೆ ಗೊತ್ತಾದರೆ ನಿಮಗೆ ಹೆಂಗಿರುತ್ತೆ ಕಮಲಾ? ಪೇಪರಿನಲ್ಲಿ ಬರುತ್ತೆ, ಯಾವನೋ ಹೋಗಿ ನಿಮ್ಮ ದೇವರು ಮುತ್ತೈದೆ ಅಲ್ವಂತೆ ಅಂತ ನಗ್ತಾನೆ. ಅವರು ಸೀಗೆಕಾಯಿ ಕೊಟ್ಟು ತಿಕ್ಕೋಕೆ ಬಿಟ್ಟರು. ಮೊದಲು ಅವರಿಗೆ ಹೇಳಬೇಕು."

"ಅವರು ಓದಬೇಡಿ ಅಂದರೆ?" ಅಂದೆ.

ರುಕ್ಮಿಣಮ್ಮ ಟೀ ಕುಡಿದು ಮುಗಿಸಿದರು. "ಬೇಡ ಅಂದರೆ ಓದಲ್ಲ" ಅಂದರು. ಆ ಮಾತು ಆಡಲು ಅವರಿಗೆ ಎಷ್ಟು ಕಷ್ಟವಾಯಿತು ಅಂತ ನನಗೆ ಗೊತ್ತು. ಇನ್ನೊಂದು ಕಲ್ಲು ಹುಡುಕಲು ಅವರಿಗೆ ಇನ್ನೊಂದು ಬೇಸಿಗೆ ಇರಲಿಲ್ಲ.

ಎರಡು ಹದ ಮಳೆ ಬಿದ್ದ ಮೇಲೆ ಮತ್ತೆ ಹೋದೆವು. ಅಮ್ಮನ ಕೆರೆಯಲ್ಲಿ ಕೆಂಪು ನೀರು ನಿಂತಿತ್ತು. ಹನುಮಕ್ಕನ ಮನೆಯ ಪಡಸಾಲೆಯಲ್ಲಿ ಹೆಂಗಸರು ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದರು. ನಾವೂ ಕೂತು ಸುಲಿದೆವು. ಒಂದು ಮೊರ ತುಂಬುವವರೆಗೂ ರುಕ್ಮಿಣಮ್ಮ ಮಳೆ, ಬೆಳೆ ಅಂತ ಬೇರೆ ಮಾತೇ ಆಡಿದರು. ಕ್ಲಾಸಿನಲ್ಲಿ ಹುಲಿಯಂತಿದ್ದವರು ಮಾತು ಎತ್ತಲಾರದೆ ಒದ್ದಾಡುವುದನ್ನು ಅವತ್ತೇ ನಾನು ನೋಡಿದ್ದು. ಕೊನೆಗೆ ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ಕಲ್ಲಿನಲ್ಲಿ ಬರೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು.

ಕಾಯಿ ಒಡೆಯುವ ಸದ್ದು ನಿಂತುಹೋಯಿತು. ಓಬಕ್ಕ ಮೊದಲು ಎದ್ದಳು. "ಅಂಗೆಲ್ಲ ಅನ್ಬ್ಯಾಡಿ. ನಮ್ಮಮ್ಮ ಮುತ್ತೈದೆ. ನೀವು ತಪ್ ಓದಿದ್ದೀರ." 

"ಓದಿದ್ದು ತಪ್ಪಿರಬಹುದು ಅಂತ ನಾನೂ ನೂರು ಸಲ ನೋಡಿದೆ ಓಬಕ್ಕ" ಅಂದರು ರುಕ್ಮಿಣಮ್ಮ. "ತಪ್ಪಿಲ್ಲ. ಆದರೆ ಅಮ್ಮ ನಿಮ್ಮೋಳು. ನೀವು ಬೇಡ ಅಂದರೆ ಈ ಕಾಗದ ಇಲ್ಲೇ ಬಿಟ್ಟು ಹೋಗ್ತೀನಿ. ಎಲ್ಲೂ ಹೇಳಲ್ಲ."

ಹನುಮಕ್ಕ ಮೊರ ಪಕ್ಕಕ್ಕಿಟ್ಟು ಕೇಳಿದಳು. "ಗಂಡ ಸತ್ ಮ್ಯಾಲೂ ಬದುಕಿದ್ಲಾ ನಮ್ಮವ್ವ?"

"ಬದುಕಿದ್ದಳು ಅಜ್ಜಿ. ಬಹಳ ವರ್ಷ."

"ಬೆಂಕಿಗೆ ಬೀಳ್ನಿಲ್ವಾ?"

"ಇಲ್ಲ."

ಮುದುಕಿ ಎರಡೂ ಕೈ ಎತ್ತಿ ಕೆರೆಯ ಕಡೆ ಮುಗಿದಳು. "ಸದ್ಯ ಕಣಮ್ಮ! ನನ್ ಹೊಟ್ಟೆ ತಣ್ಣಗಾತು. ನಾನು ಹೊಸದಾಗಿ ಮದ್ವೆ ಆಗಿ ಬಂದಾಗ್ಲಿಂದ ಅಮ್ಮನ ಮೈಮ್ಯಾಲೆ ಬಿಸಿನೀರು ಹುಯ್ದವ್ಳು. ಹುಯ್ಯುವಾಗ್ಲೆಲ್ಲ ಬೆಂದ ಮೈ ಕಣಮ್ಮ, ಬೆಂದ ಮೈಗೆ ಬಿಸಿನೀರು ಹುಯ್ತೀವಲ್ಲ ಅಂತ ಸಂಕ್ಟ ಆಗ್ತಿತ್ತು. ಯಾರಿಗೂ ಹೇಳಿರ್ನಿಲ್ಲ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಕುಂತ್ಕಳೇ ಓಬಿ. ಅವ್ವ ಬೇಯ್ನಿಲ್ಲ ಅಂದ್ರೆ ನಿಂಗ್ಯಾಕೆ ದುಃಖ?"

ಓಬಕ್ಕ ಕೂರಲಿಲ್ಲ, ಹೋಗಲೂ ಇಲ್ಲ. ಕಂಬಕ್ಕೆ ಒರಗಿ ನಿಂತಳು.

"ಓದಮ್ಮ" ಅಂದಳು ಹನುಮಕ್ಕ. "ತುಮಕೂರಾಗೆ ಜೋರಾಗಿ ಓದು. ಮುಂದಿನ್ ವರ್ಷ ಎಣ್ಣೆನೀರಿಗೆ ಬಂದ್ಬುಡು. ನಾನೂ ನೀನೂ ಒಳಕ್ಕೋಗಾನ. ಅವ್ವನೂ ನಮ್ಮಂಗೇ ಅಂದ್ ಮ್ಯಾಲೆ ನಮ್ಮನ್ ಯಾರು ತಡೀತಾರೆ ನೋಡಾನ."

ತುಮಕೂರಿನ ಸಭೆಗೆ ನಾಲ್ಕೂ ತಾಲ್ಲೂಕಿನಿಂದ ನಮ್ಮವರು ಬಂದಿದ್ದರು. ಮೊದಲ ಸಾಲು ದೊಡ್ಡವರಿಗೆ ಅಂತ ಯಾರೋ ಬಂದು ಏಳಿಸಲು ನೋಡಿದರು. "ನಾವೇನು ಚಿಕ್ಕವರಾ?" ಅಂತ ಖೈರುನ್ನೀಸಾ ಇನ್ನಷ್ಟು ಅಗಲವಾಗಿ ಕೂತರು. ರುಕ್ಮಿಣಮ್ಮ ಎದ್ದು ಅಚ್ಚು ಬಿಡಿಸಿ ಹಿಡಿದಾಗ ವೇದಿಕೆಯ ಮೇಲಿದ್ದವರೊಬ್ಬರು "ಇದೇನಮ್ಮ, ಅರಿಶಿನದ ಕಾಗದ! ಲಗ್ನಪತ್ರಿಕೆಯೇನು?" ಅಂದರು. ಸಭೆ ಗೊಳ್ ಅಂತ ನಕ್ಕಿತು.

"ಹೌದು ಸ್ವಾಮಿ" ಅಂದರು ರುಕ್ಮಿಣಮ್ಮ. "ಇಷ್ಟು ವರ್ಷ ನೀವು ನಮ್ಮನ್ನ ಕರೀಲಿಲ್ಲವಲ್ಲ, ಅದಕ್ಕೇ ನಾವೇ ಪತ್ರಿಕೆ ಹಿಡಿದು ಬಂದ್ವಿ."

ಆಮೇಲೆ ಯಾರೂ ನಗಲಿಲ್ಲ. ಅವರು ಓದಿದರು. ಹನುಮಕ್ಕ ಹೇಳಿದ ಹಾಗೆ ಜೋರಾಗಿಯೇ ಓದಿದರು, ಹೊರಗೆ ಜಟಕಾ ನಿಲ್ಲಿಸಿಕೊಂಡಿದ್ದವನಿಗೂ ಕೇಳಿರಬೇಕು. ಮುಗಿದಾಗ ನಾವು ಮೊದಲ ಸಾಲಿನಲ್ಲಿ ಕೂತು ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿದೆವು. ಅದಾದ ಒಂದು ವಾರಕ್ಕೆ ಅವರು ನಂಜನಗೂಡಿಗೆ ಹೊರಟುಹೋದರು. ಬಸ್ ಸ್ಟಾಂಡಿನಲ್ಲಿ ಇಡೀ ಸ್ಕೂಲು ಅತ್ತಿತು. ಅವರೊಬ್ಬರು ಮಾತ್ರ "ಮೂಗು ಒರೆಸ್ಕೊಳ್ರೇ, ಅಸಹ್ಯ" ಅಂತ ಬೈದರು.

ಮುಂದಿನ ಬೇಸಿಗೆಗೆ ತಮ್ಮ ಅವರನ್ನು ಕಳಿಸಲು ಒಪ್ಪಲಿಲ್ಲ. ವಯಸ್ಸಾಯಿತು, ಬಿಸಿಲು, ಅಲೆದಾಟ ಯಾಕೆ ಅಂದ. ಮನೆಯಲ್ಲಿ ಬೇಡ ಅಂದರೆ ಇಬ್ಬರು ಹೋಗಿ ಒಪ್ಪಿಸಬೇಕು ಅನ್ನೋ ನಿಯಮ ಇತ್ತಲ್ಲ, ನಾನೂ ಖೈರುನ್ನೀಸಾನೂ ನಂಜನಗೂಡಿಗೇ ಹೋದೆವು. ಪಡಸಾಲೆಯಲ್ಲಿ ಗಟ್ಟಿಯಾಗಿ ಕೂತು, ತಮ್ಮನ ಹೆಂಡತಿ ಕೊಟ್ಟ ಕಾಫಿ ಕುಡಿದು, ಕರೆದುಕೊಂಡೇ ಹೊರಟೆವು.

ಕತ್ತಾಳೆ ಬೇಲಿಯ ಹತ್ತಿರ ಹೋದ ವರ್ಷದಷ್ಟು ಹೆಂಗಸರಿರಲಿಲ್ಲ. ಕೆಲವರು ಬರಲ್ಲ ಅಂದುಬಿಟ್ಟಿದ್ದರಂತೆ. ಓಬಕ್ಕ ಬಾಗಿಲಲ್ಲಿ ನಿಂತಿದ್ದಳು. ಹನುಮಕ್ಕ ರುಕ್ಮಿಣಮ್ಮನ ಕೈ ಹಿಡಿದುಕೊಂಡು ಸೊಸೆಯ ಎದುರು ಹೋಗಿ ನಿಂತಳು. ಓಬಕ್ಕ ಅತ್ತೆಯನ್ನು ನೋಡಿದಳು, ಬಿಳಿ ಸೀರೆ ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು, ಎಣ್ಣೆ ಬಟ್ಟಲನ್ನು ರುಕ್ಮಿಣಮ್ಮನ ಕೈಗೆ ಕೊಟ್ಟಳು.

ಇಬ್ಬರು ಮುದುಕಿಯರೂ ಒಳಗೆ ಹೋದರು. ನಾನು ಸೀಗೆಕಾಯಿ ಪುಡಿಯ ಗಂಟು ಹಿಡಿದು ಹಿಂದೆ ಹೋದೆ. ಹನುಮಕ್ಕ ಅಮ್ಮನ ತಲೆಗೆ ಎಣ್ಣೆ ಒತ್ತಿದಳು. ರುಕ್ಮಿಣಮ್ಮ ಪಾದದ ಹತ್ತಿರ ಮಂಡಿಯೂರಿ, ಎಣ್ಣೆ ಬಳಿದು, ಆ ಸಾಲಿನ ಮೇಲೆ ಬೆರಳಾಡಿಸಿದರು. ತುಮಕೂರಿನಲ್ಲಿ ಅಷ್ಟು ಗಟ್ಟಿಯಾಗಿ ಓದಿದವರು ಅಲ್ಲಿ ಬೆರಳಿನಿಂದಲೇ ಓದಿದರು. ಬೆರಳು ಮೆಲ್ಲಗೆ ಮುಂದೆ ಹೋಗುತ್ತಿತ್ತು, ಮತ್ತೆ ಮೊದಲಿಗೆ ಬರುತ್ತಿತ್ತು.

"ಕಣ್ಣಿಗೆ ಸೀಗೆಕಾಯಿ ಬಿತ್ತೇನಮ್ಮ?" ಅಂತ ಹನುಮಕ್ಕ ಕೇಳಿದಳು.

"ಹೂಂ ಅಜ್ಜಿ. ಬಿತ್ತು."

"ನಂಗೂ ಬಿತ್ತು ಕಣವ್ವ" ಅಂತ ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಸೀಗೆಕಾಯಿ ಇನ್ನೂ ನನ್ನ ಕೈಯಲ್ಲೇ ಇತ್ತು. ಗಂಟು ಬಿಚ್ಚಿರಲಿಲ್ಲ.